ನಲಿವು, ಗಾಡಿ, ಗೆಲವು

ನರಸಿಂಹರಾಜಪುರ ತಾಲ್ಲೂಕಿನ ಮುತ್ತಿನಕೊಪ್ಪದ ಹೆಸರನ್ನು ಬಿಡಿಸಿದರೆ ಎರಡು ಪದಗಳು ದೊರೆಯುತ್ತವೆ. ಕೊಪ್ಪವೆಂದರೆ ಸಣ್ಣ ಹಳ್ಳಿ. ಮುತ್ತು ಎಲ್ಲರಿಗೂ ತಿಳಿದದ್ದೇ. ಮುತ್ತಿನ ಹೊಳಪು ಕಣ್ಣು ಕೋರೈಸುವುದಿಲ್ಲ, ಕಣ್ಣನ್ನು ತಣಿಸುತ್ತದೆ. ತಣಿಸುವ ಬೆಳಕು ಬೇರೆ, ಕೋರೈಸುವ ಬೆಳಕು ಬೇರೆ ಎಂಬ ವಿವೇಕ ಹಳಗನ್ನಡದ ಪದಕೋಶಕ್ಕೂ ಇತ್ತು.

ಸಂತೋಷವನ್ನು ಹೇಳಲು ಹಳಗನ್ನಡ ಕವಿಗಳ ಬಳಿ ಪದಗಳ ಸಿರಿಯೇ ಇತ್ತು. ‘ನಲಿ’ ಎಂದರೆ ಹರ್ಷಿಸು. ಮೈಯೂ ಮನಸ್ಸಿನೊಡನೆ ಕುಣಿಯುವ ಹರ್ಷವದು. ‘ಹಿಗ್ಗು’ ಎಂಬುದಕ್ಕೆ ಉಬ್ಬು, ವಿಸ್ತಾರಗೊಳ್ಳು ಎಂಬುದೇ ಅರ್ಥ. ಒಳಗೆ ಹಿಡಿಸಲಾರದ ಆನಂದಕ್ಕೆ ಇದಕ್ಕಿಂತ ತಕ್ಕ ಮಾತಿಲ್ಲ. ಸಂಸ್ಕೃತದ ‘ಸುಖ’ ತದ್ಭವವಾಗಿ ‘ಸೊಗ’ವಾಯಿತು, ಅಲ್ಲಿಂದ ‘ಸೊಗಯಿಸು’ ಬಂದಿತು. ‘ಅಲಂಪು’ ಎಂಬ ಒಂದೇ ಪದ ಸೊಗಸನ್ನೂ ಸಂತಸವನ್ನೂ ಸೂಚಿಸುತ್ತಿತ್ತು.

ಬೆಳಕಿನ ಪದಗಳ ಕಥೆ ಇನ್ನೂ ವಿಚಿತ್ರ. ‘ಮೆಱೆ’ ಎಂದರೆ ಮೊದಲು ಹೊಳೆ, ಪ್ರಕಾಶಿಸು. ‘ಮೆರವಣಿಗೆ’ ಇದೇ ಮೂಲದ್ದು. ಇಂದು ‘ಅವನು ಮೆರೆಯುತ್ತಿದ್ದಾನೆ’ ಎಂದರೆ ಮೆಚ್ಚುಗೆಯಲ್ಲ, ಆಕ್ಷೇಪ. ‘ಆಡಂಬರ’ಕ್ಕೆ ಸಂಸ್ಕೃತದಲ್ಲಿ ಭೇರಿ, ದೊಡ್ಡ ಸದ್ದು ಎಂಬ ಅರ್ಥಗಳಿವೆ, ಕಿವಿಯ ಅಬ್ಬರವೇ ಕಣ್ಣಿನ ಅಬ್ಬರವಾಯಿತು.

ಇಂಗ್ಲಿಷಿನಲ್ಲಿಯೂ ಇಂಥ ಪಯಣಗಳುಂಟು. ಸಂತೋಷವಾಚಕವಾದ ‘ಗ್ಲ್ಯಾಡ್’ ಪ್ರಾಚೀನ ಇಂಗ್ಲಿಷಿನಲ್ಲಿ ‘ಹೊಳೆಯುವ’ ಎಂಬ ಅರ್ಥವನ್ನೂ ಹೊತ್ತಿತ್ತು. ಬೆಳಕು ಅಲ್ಲಿ ನಲಿವಾಯಿತು. ಅಗ್ಗದ ಥಳಕನ್ನು ಹೇಳುವ ‘ಗಾಡಿ’ ಎಂಬ ಪದವನ್ನಾದರೋ ಕೋಶಕಾರರು ಲ್ಯಾಟಿನ್ನಿನ ಹರ್ಷವಾಚಕ ಮೂಲಕ್ಕೆ ಜೋಡಿಸುತ್ತಾರೆ. ನಲಿವು ಇಲ್ಲಿ ಬರಿಯ ಥಳಕಾಯಿತು. ಹಳಗನ್ನಡದಲ್ಲಿಯೂ ‘ಗಾಡಿ’ ಎಂಬ ಪದವಿದೆ, ಅದರ ಅರ್ಥ ಸೊಬಗು. ಧ್ವನಿಸಾಮ್ಯ ಕೇವಲ ಆಕಸ್ಮಿಕ. ಆದರೆ ಇಂದಿನ ಓದುಗನಿಗೆ ಗಾಡಿ ಎಂದರೆ ವಾಹನ ಮಾತ್ರ, ಸೊಬಗು ಇಳಿದುಹೋಗಿದೆ.

ಪಂಪನ ‘ಆದಿಪುರಾಣ’ದ (ಕ್ರಿ.ಶ. 941) ನೀಲಾಂಜನೆಯ ಪ್ರಸಂಗವನ್ನು ಈ ಹಿನ್ನೆಲೆಯಲ್ಲಿ ಓದಬಹುದು. ಸಭೆಯ ನಡುವೆ ನರ್ತಿಸುತ್ತಿದ್ದ ನೀಲಾಂಜನೆ ಆಯುಷ್ಯ ಮುಗಿದು ಮರೆಯಾಗುತ್ತಾಳೆ. ರಸಭಂಗವಾಗಬಾರದೆಂದು ಇಂದ್ರನು ಕ್ಷಣಾರ್ಧದಲ್ಲಿ ಅವಳಂತೆಯೇ ಮತ್ತೊಂದು ರೂಪವನ್ನು ನಿಲ್ಲಿಸುತ್ತಾನೆ. ಸಭೆ ಮೈಮರೆತು ನೋಡುತ್ತಲೇ ಇರುತ್ತದೆ. ಆದಿದೇವನೊಬ್ಬನೇ ವ್ಯತ್ಯಾಸವನ್ನು ಅರಿಯುತ್ತಾನೆ, ಅವನಲ್ಲಿ ವೈರಾಗ್ಯ ಮೂಡುತ್ತದೆ. ಪಂಪನು ಸೊಬಗನ್ನು ಹಳಿಯಲಿಲ್ಲ. ಅದನ್ನು ತುಂಬು ಮನಸ್ಸಿನಿಂದ ವರ್ಣಿಸಿದವನೇ ಅದರ ಅಳಿವನ್ನೂ ತೋರಿದನು.

ಇಂದು ಮದುವೆ, ಜಾತ್ರೆ, ಸನ್ಮಾನ ಎಲ್ಲಕ್ಕೂ ‘ಅದ್ದೂರಿ’ ಎಂಬ ಒಂದೇ ವಿಶೇಷಣ ಸಾಕಾಗಿದೆ. ಪದಗಳು ಕಳೆದುಹೋದಂತೆ ಅವು ಗುರುತಿಸುತ್ತಿದ್ದ ಭೇದವೂ ಕಳೆಯುತ್ತದೆ. ಮೆರೆಯುವವನೇ ನಲಿಯುವವನೆಂದು ಲೋಕ ಭ್ರಮಿಸುತ್ತದೆ.

ಆದರೂ ಒಂದು ಪದ ಉಳಿದಿದೆ. ಜ್ವರ ಬಿಟ್ಟ ಮಗು ಎದ್ದು ಕುಳಿತು ಗಂಜಿ ಕೇಳಿದಾಗ ಮನೆಯ ಅಜ್ಜಿ, ‘ಇವತ್ತು ಸ್ವಲ್ಪ ಗೆಲುವಾಗಿದೆ’ ಎನ್ನುತ್ತಾಳೆ. ‘ಗೆಲ್’ ಧಾತುವಿನಿಂದ ಬಂದ ‘ಗೆಲವು’ ರಣರಂಗದ ಜಯವನ್ನು ಹೇಳುವ ಪದ. ಅದೇ ಪದ ಮಗುವಿನ ಮುಖದ ಕಳೆಗೂ ಸಲ್ಲುತ್ತದೆ. ಈ ಗೆಲವಿಗೆ ಭೇರಿಯಿಲ್ಲ, ಮೆರವಣಿಗೆಯಿಲ್ಲ. ಆದರೆ ಮನೆಯವರೆಲ್ಲರಿಗೂ ಅದು ಕಾಣುತ್ತದೆ.