ಕಾಣದ ಕೆಲಸ

ಕೋಲಾರದ ಚಿನ್ನದ ಗಣಿಗಳು 2001ರ ಫೆಬ್ರವರಿ 28ರಂದು ಮುಚ್ಚಿದ ಮೇಲೆ ಆ ನೆಲದ ಮಕ್ಕಳ ದುಡಿಮೆ ರೈಲಿನ ದಾರಿ ಹಿಡಿಯಿತು. ಮಾರಿಕುಪ್ಪಂನಿಂದ ಬಂಗಾರಪೇಟೆಯ ಮಾರ್ಗವಾಗಿ ಬೆಂಗಳೂರಿಗೆ ನಿತ್ಯ ಹೋಗಿಬರುವವರಲ್ಲಿ ನನ್ನ ಪರಿಚಯದ ತರುಣನೊಬ್ಬನಿದ್ದಾನೆ. ಅವನ ಅಜ್ಜ ಮೂರು ಕಿಲೋಮೀಟರಿಗೂ ಆಳವಾದ ಚಾಂಪಿಯನ್ ರೀಫ್ ಗಣಿಯಲ್ಲಿ ದುಡಿದವರು. ಇವನು ಸಾಫ್ಟ್‌ವೇರ್ ಸಂಸ್ಥೆಯೊಂದರಲ್ಲಿ ಅಪ್ರೆಂಟಿಸ್. ಅನ್ಯರು ಮುಕ್ತವಾಗಿ ಹಂಚಿದ ಪ್ರೋಗ್ರಾಮುಗಳನ್ನು ಬಿಡುವಿನಲ್ಲಿ ಓದುವುದು ಅವನ ಹವ್ಯಾಸ.

ಒಮ್ಮೆ ಅವನು ಅಂಗಡಿಗೆ ಬಂದು ಕೇಳಿದ: “ಯಜಮಾನರೇ, ಇಂಥದೊಂದು ಪ್ರೋಗ್ರಾಮನ್ನು ಬಳಸಿ, ಬರೆದವರ ಹೆಸರನ್ನು ಅಳಿಸಿಬಿಡು ಎನ್ನುತ್ತಾರೆ ಜೊತೆಯವರು. ಒಳಗೆ ಯಾರೂ ನೋಡುವುದಿಲ್ಲವಂತೆ.”

ಎಂಐಟಿ ಪರವಾನಗಿಯಂಥದ್ದು ಬಳಸಲು, ತಿದ್ದಲು, ಮಾರಲು ಸಹ ಅನುಮತಿ ನೀಡುತ್ತದೆ. ಪ್ರತಿಯಾಗಿ ಕೇಳುವುದು ಇಷ್ಟೇ: ಹಕ್ಕುಸ್ವಾಮ್ಯದ ಸೂಚನೆಯನ್ನೂ ಪರವಾನಗಿಯ ಒಕ್ಕಣೆಯನ್ನೂ ಉಳಿಸಬೇಕು. ಬೆಲೆಯಿಲ್ಲದ ವಸ್ತುವಿಗೆ ಒಡೆಯನಿಲ್ಲವೆಂದು ಅರ್ಥವಲ್ಲ. ಕೊಟ್ಟವನ ಕಟ್ಟಳೆಯನ್ನು ಮೀರಿ ಪಡೆದದ್ದು ಕೊಡದೆ ಪಡೆದುದಕ್ಕೆ ಸಮಾನ. ನಮ್ಮ ಅಚೌರ್ಯಾಣುವ್ರತವು ನಿಷೇಧಿಸುವ ಅದತ್ತಾದಾನವೂ ಅದೇ.

ಗಿರಾಕಿಯು ತಕ್ಕಡಿಯ ಮುಳ್ಳನ್ನಾದರೂ ನೋಡಬಲ್ಲ. ಗಣಕದ ಒಳಬರಹವನ್ನು ನೋಡಲಾರ. ಅಲ್ಲಿ ಬರೆಯುವವನ ಮನಸ್ಸೇ ತಕ್ಕಡಿ.

ತರುಣನು ಹೆಸರನ್ನು ಉಳಿಸಿದ. ಮುಂದೆ ತಾನೂ ಒಂದು ಪ್ರೋಗ್ರಾಮನ್ನು ರಚಿಸಿ ಎಲ್ಲರಿಗೂ ಕೊಡಬೇಕೆಂಬುದು ಅವನ ಗುರಿ. ಅಂದು ಅವನ ಹೆಸರೂ ಕಾಣದ ಕೈಗಳ ಪ್ರಾಮಾಣಿಕತೆಯನ್ನೇ ನಂಬಿಕೊಂಡಿರುತ್ತದೆ.