ಬಾವಿಯ ಪಾಳಿ

ನಾನು ಮೈಸೂರಿನವಳು. ಮದುವೆಯಾಗಿ ಕಲಬುರಗಿಗೆ ಬಂದದ್ದು 1992ರಲ್ಲಿ. ಆಗ ಎಲ್ಲರ ಬಾಯಲ್ಲೂ ಗುಲಬರ್ಗಾ. ಊಟಕ್ಕೆ ಕೂತಾಗ ಬೆಂಗಳೂರಿನ ಸುದ್ದಿ ಬಂದರೆ ಸಾಕು, ಮಾವನವರು "ಅಲ್ಲಿದ್ದವರಿಗಿ ನಾವು ಕಾಣೂದಿಲ್ಲವ್ವಾ, ನಮ್ದು ಬ್ಯಾರೆ ರಾಜ್ಯ ಆದ್ರೇ ಛಲೋ" ಎನ್ನುತ್ತಿದ್ದರು. ಅವರು ಓದಿದ್ದು ನಿಜಾಮರ ಕಾಲದ ಉರ್ದು ಶಾಲೆಯಲ್ಲಿ. 1956ರಲ್ಲಿ ಬೀದರ, ಗುಲಬರ್ಗಾ, ರಾಯಚೂರು ಕನ್ನಡ ನಾಡಿಗೆ ಸೇರಿದವು. ಸೇರಿದರೂ ಓದಿನಲ್ಲಿ, ನೌಕರಿಯಲ್ಲಿ ಕೊನೆಯ ಪಂಕ್ತಿಯೇ ಆಯಿತೆಂಬುದು ಅವರ ಅಳಲು. ಅರಮನೆಯ ಊರಿನವಳಾದ ನನಗೆ ಅದು ಬರೀ ಗೊಣಗಾಟವೆನಿಸುತ್ತಿತ್ತು. ಮಗಳು ಶಾಲೆಗೆ ಹೋಗತೊಡಗಿದ ಮೇಲೆ ಕಣ್ಣು ತೆರೆಯಿತು. ಗಣಿತಕ್ಕೆ ಬಂದ ಮೇಷ್ಟ್ರೆಲ್ಲ ವರ್ಷ ತುಂಬುವುದರೊಳಗೆ ನಮ್ಮ ಮೈಸೂರಿನ ಕಡೆಗೇ ವರ್ಗ ಮಾಡಿಸಿಕೊಂಡು ಹೊರಟುಬಿಡುತ್ತಿದ್ದರು.

ಹಳೆಯ ಹೈದರಾಬಾದ್ ರಾಜ್ಯದಿಂದಲೇ ಆಂಧ್ರಕ್ಕೆ ಹೋದ ತೆಲಂಗಾಣದವರಿಗೆ 1973ರ ತಿದ್ದುಪಡಿಯಿಂದ ಸಂವಿಧಾನದ 371(ಡಿ) ಸಿಕ್ಕಿತ್ತು. ನಮಗೇಕಿಲ್ಲ ಎಂದು ಇಲ್ಲಿಯವರು ಕೇಳುತ್ತಲೇ ಬಂದರು. ವೈಜನಾಥ ಪಾಟೀಲರಂಥವರು ಹೋರಾಡಿದರು. ಕೊನೆಗೆ 2013ರಲ್ಲಿ ಬಳ್ಳಾರಿಯೂ ಸೇರಿ ಆರು ಜಿಲ್ಲೆಗಳಿಗೆ 371(ಜೆ) ಬಂತು. ರಾಜ್ಯ ಒಡೆಯದೆ, ಪ್ರದೇಶಕ್ಕೊಂದು ಅಭಿವೃದ್ಧಿ ಮಂಡಳಿ, ನೌಕರಿಯಲ್ಲಿ ಪಾಲು, ಇಲ್ಲಿಯ ಕಾಲೇಜುಗಳಲ್ಲಿ ಸ್ಥಳೀಯರಿಗೆ ನೂರಕ್ಕೆ 70 ಸೀಟು, ರಾಜ್ಯದ ಉಳಿದೆಡೆ 8. ನೋಡಲು ಮಾವನವರು ಇರಲಿಲ್ಲ.

ಮಗಳಿಗೆ 2014ರಲ್ಲಿ ವೈದ್ಯಕೀಯ ಸೀಟು ಸಿಕ್ಕಿತು. ಮೈಸೂರಿನ ನನ್ನ ತಂಗಿಯ ಮಗನಿಗೆ ಸಿಗಲಿಲ್ಲ. ಅಂಕ ಅವನದೇ ಹೆಚ್ಚು. "ನಿಮಗೇನಕ್ಕ, ಸರ್ಕಾರವೇ ಮಣೆ ಹಾಕಿ ಕೂರಿಸಿದೆ" ಎಂದಳು ಫೋನಿನಲ್ಲಿ. ಓಡಿಹೋದ ಮೇಷ್ಟ್ರುಗಳ ಕಥೆ ಹೇಳಬೇಕೆಂದುಕೊಂಡೆ. ಅಳುತ್ತಿರುವ ತಾಯಿಗೆ ಅದನ್ನು ಹೇಗೆ ಹೇಳುವುದು? ಆ ವರ್ಷದ ದೀಪಾವಳಿಗೆ ಅವಳ ಫೋನು ಬರಲಿಲ್ಲ.

ಅದೇ ವರ್ಷ ಜೂನ್ 2ರಂದು ತೆಲಂಗಾಣ ಬೇರೆಯಾಗಿತ್ತು. ಟೀವಿ ನೋಡುತ್ತಿದ್ದ ಅತ್ತೆ, "ಅವರಿಗೂ ಇಂಥಾ ಕಾಯ್ದೆ ಇತ್ತಂತಲ್ಲ, ಮತ್ತ್ಯಾಕ ಒಡೀತು?" ಎಂದು ಕೇಳಿದರು. ಕಾಗದದಲ್ಲಿ ಇತ್ತು ಎಂದರು ನಮ್ಮವರು. ತೆಲಂಗಾಣದ ಹುದ್ದೆಗಳಲ್ಲಿ ಕೂತ ಹೊರಗಿನವರನ್ನು ವಾಪಸು ಕಳಿಸಲು 1985ರಲ್ಲಿ ಸರ್ಕಾರವೇ 610ನೆಯ ಆದೇಶ ಹೊರಡಿಸಿತ್ತು. ಎಷ್ಟೋ ವರ್ಷ ಅದು ಪೂರ್ತಿ ಜಾರಿಯಾಗಲೇ ಇಲ್ಲ.

ಅತ್ತೆ ಮಗನ ಮುಖವನ್ನೇ ನೋಡಿ, "ಹೊಲ ಬರಕೊಟ್ಟು ಬಾವಿ ಪಾಳಿ ಕೊಡಲಿಲ್ಲಂದ್ರ ಹಂಗೇ ಆಗ್ತದ" ಎಂದರು.

ನಮ್ಮವರು ತಲೆ ತಗ್ಗಿಸಿದರು. ಮೈದುನ ಪಾಲು ಕೇಳಿದಾಗ ಮನೆ ಒಡೆಯುವುದು ಬೇಡವೆಂದು ಮಾವನವರು ಅವನ ಹೆಸರಿಗೆ ನಾಲ್ಕು ಎಕರೆ ಬರೆದು, ವಾರಕ್ಕೆ ಎರಡು ದಿನ ಬಾವಿಯ ನೀರು ಎಂದು ಮಾತಾಗಿತ್ತು. ಎರಡು ಬೇಸಿಗೆ ಆ ಎರಡು ದಿನ ಮೋಟಾರಿನ ಬೀಗದ ಕೈ ನಮ್ಮವರ ಜೇಬಿನಲ್ಲೇ ಉಳಿಯಿತು. ನನಗೂ ಗೊತ್ತಿತ್ತು, ಸುಮ್ಮನಿದ್ದೆ. ಮೂರನೆಯ ವರ್ಷ ಅಂಗಳದ ನಡುವೆ ಗೋಡೆ ಎದ್ದಿತು.

2019ರಲ್ಲಿ ನಮ್ಮ ಸೀಮೆಗೆ ಕಲ್ಯಾಣ ಕರ್ನಾಟಕವೆಂದು ಹೆಸರಾಯಿತು. ಹೆಸರು ಚೆನ್ನಾಗಿದೆ. ಖಾಲಿ ಹುದ್ದೆಗಳ ಸುದ್ದಿ ಪತ್ರಿಕೆಯಲ್ಲಿ ಬಂದಾಗಲೆಲ್ಲ ನನಗೆ ಆ ಬೀಗದ ಕೈ ನೆನಪಾಗುತ್ತದೆ.

ಹೋದ ಚಳಿಗಾಲದಲ್ಲಿ ತಂಗಿ ಬಂದಿದ್ದಳು. ಮಗಳು ಕೆಲಸ ಮಾಡುವ ಹಳ್ಳಿಯ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಬಸುರಿಯರ ಸಾಲು ಬಾಗಿಲಾಚೆಗೂ ಇತ್ತು. ತಂಗಿ ಬೆಂಚಿನ ತುದಿಯಲ್ಲಿ ಕೂತು ಬಹಳ ಹೊತ್ತು ನೋಡಿದಳು. ಆಮೇಲೆ ಮೆಲ್ಲಗೆ, "ಇವಳೂ ನಮ್ಮ ಕಡೆಗೆ ವರ್ಗ ಮಾಡಿಸ್ಕೊಂಡು ಬಂದ್ಬಿಡ್ತಾಳೇನಕ್ಕ?" ಎಂದಳು.

"ಅವಳನ್ನೇ ಕೇಳು" ಎಂದೆ.