ಅಪ್ಪನ ಸೊಂಟನೋವು

ಅಪ್ಪನ ಸೊಂಟನೋವು ಹೊಲದ ಕೆಲಸದ್ದೆಂದು ನಾವು ಎಣ್ಣೆ ತಿಕ್ಕಿದೆವು. ರಾತ್ರಿ ನಾಲ್ಕೈದು ಸಲ ಮೂತ್ರಕ್ಕೆ ಏಳುತ್ತಿದ್ದುದನ್ನು ವಯಸ್ಸಿನದೆಂದು ಬಿಟ್ಟೆವು. ಗೊತ್ತಾಗುವ ಹೊತ್ತಿಗೆ ಪ್ರಾಸ್ಟೇಟ್ ಕ್ಯಾನ್ಸರ್ ಮೂಳೆಗೆ ಹಬ್ಬಿತ್ತು.

ಹಾರ್ಮೋನ್ ಇಂಜೆಕ್ಷನ್ ಜೊತೆಗೇ ಕೀಮೋ ಶುರುಮಾಡೋಣ ಅಂದರು ಡಾಕ್ಟರು. ‘ಒಂದಾದ ಮೇಲೆ ಒಂದು ಕೊಡಿ ಸಾರ್, ಮುದುಕ ತಡೆಯಲ್ಲ’ ಎಂದೆವು. 2015ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನದ ಲೆಕ್ಕ ಹೇಳಿದರು: ಬರೀ ಹಾರ್ಮೋನ್ ಚಿಕಿತ್ಸೆ ಪಡೆದವರಲ್ಲಿ ಅರ್ಧ ಮಂದಿ 44 ತಿಂಗಳು ಬದುಕಿದ್ದರು, ಮೊದಲಲ್ಲೇ ಡೋಸೆಟಾಕ್ಸೆಲ್ ಕೀಮೋ ಆರು ಸಲ ಸೇರಿಸಿದವರಲ್ಲಿ ಅರ್ಧ ಮಂದಿ 57 ತಿಂಗಳು ದಾಟಿದ್ದರು. ಒಂದು ವರ್ಷದ ಮೇಲಿನ ಆಯಸ್ಸು. ನಾವು ಒಪ್ಪಿದೆವು.

ಈಗ ಮೂರು ವಾರಕ್ಕೊಮ್ಮೆ ಬಸ್ಸು ಹತ್ತುತ್ತೇವೆ. ಕೀಮೋದಿಂದ ಬಿಳಿ ರಕ್ತಕಣ ಕುಸಿಯುತ್ತವೆ. ಜ್ವರ ಬಂದರೆ ಬೆಳಗಿನವರೆಗೂ ಕಾಯಬೇಡಿ ಎಂದಿದ್ದಾರೆ. ಅಪ್ಪನ ದಿಂಬಿನ ಪಕ್ಕ ಥರ್ಮಾಮೀಟರ್ ಇದೆ. ಕೂದಲು ಉದುರಿದೆ, ನೋವು ಇಳಿದಿದೆ.

ನಿಮ್ಮ ಮನೆಯ ಹಿರಿಯರು ರಾತ್ರಿ ಪದೇಪದೇ ಏಳುತ್ತಿದ್ದರೆ, ನಮ್ಮಂತೆ ಸುಮ್ಮನಿರಬೇಡಿ. ಒಮ್ಮೆ ತೋರಿಸಿ.